ಮೂವತ್ತೊಂದನೇ ತಾರೀಖಿನ ಹಾಲು

“ನೊರಿ ಅಳೀಬ್ಯಾಡಲೇ ತಮ್ಮಾ, ಹಾಲು ಅಳಿ.”

ಹೀಗಂದು ದೊಡ್ಡವ್ವ ನನ್ನ ಮುಂಗೈ ಹಿಡಿದುಬಿಟ್ಟರು. ಕರೆಂಟು ಹೋಗಿತ್ತು, ತೂಕದ ಯಂತ್ರ ಬಂದ್ ಬಿದ್ದಿತ್ತು, ನಾನು ಲೀಟರ್ ಮಾಪಿನಲ್ಲಿ ಅಳೆಯುತ್ತಿದ್ದೆ. ಎಮ್ಮೆಯ ಹಾಲು, ಆಗಷ್ಟೇ ಕರೆದು ತಂದದ್ದು. ಮಾಪಿನ ತುಂಬ ನೊರೆ.

“ದೊಡ್ಡವ್ವಾ, ನೊರಿ ಅಳದ್ರ ನಿಮಗ ಲಾಭ. ಕೈ ಬಿಡ್ರಿ, ಹಿಂದ ಮಂದಿ ನಿಂತಾರ.”

“ಇವತ್ತ ನೊರಿ ರೊಕ್ಕಾ ಕೊಡ್ತಿ. ನಾಳಿ ‘ದೊಡ್ಡವ್ವಗ ಜಾಸ್ತಿ ಹೋಗೇತಿ’ ಅಂತ ನನ್ನ ಹಾಲಿನ್ಯಾಗ ಮುರಕೋತಿ. ನನಗ ನಂದಷ್ಟ ಸಾಕು. ನೊರಿ ಇಳೀಲಿ, ನಿಲ್ಲು.”

ನಿಂತೆ. ಸಾಲೂ ನಿಂತಿತು. ನೊರೆ ಇಳಿಯುವವರೆಗೆ ಅಷ್ಟೂ ಮಂದಿ ಒಬ್ಬ ಹೆಂಗಸಿನ ಮಾಪು ನೋಡುತ್ತ ನಿಂತರು. ಯಾರೂ ಬೈಯಲಿಲ್ಲ. ಬೈದರೆ ತಿರುಗಿ ಏನು ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಅವರು ತೀರಿಕೊಂಡು ಕೆಲವು ವಾರ ಆಯಿತು. ಹೆಸರು ಬರೆಯುವುದಿಲ್ಲ. ಊರವರಿಗೆ ಹೆಸರು ಬೇಕಿಲ್ಲ, ಬೇರೆಯವರಿಗೆ ಹೆಸರಿನಿಂದ ಉಪಯೋಗವಿಲ್ಲ. ನನ್ನ ಸ್ವಂತ ದೊಡ್ಡವ್ವನೂ ಅಲ್ಲ. ಗಡಿಯಾಚೆ ಜತ್ತ ತಾಲೂಕಿನ ಕುಣಿಕೋಣೂರಿನಲ್ಲಿ ನನ್ನ ವಯಸ್ಸಿನವರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದರು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಊರ ಡೇರಿಯಲ್ಲಿ ಹಾಲು ತೂಗಿ ಬಿಲ್ಲು ಕೊಡುವವನು. ದಿನಕ್ಕೆ ಎರಡು ಹೊತ್ತು ಅವರನ್ನು ನೋಡಿದ್ದೇನೆ. ನೋಡಿದ್ದನ್ನು ಬರೆಯುತ್ತೇನೆ.

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ನೌಕರಿ ಇದ್ದವರಿಗೆ ತಿಂಗಳ ಲೆಕ್ಕ. ಹೊಲದವರಿಗೆ ವರ್ಷದ ಲೆಕ್ಕ, ದಾಳಿಂಬೆ ಬಂದರೆ ಒಮ್ಮೆ ರೊಕ್ಕ. ನಡುವಿನ ದಿನಗಳಲ್ಲಿ ಮನೆ ನಡೆಸುವುದು ಹಾಲಿನ ಬಿಲ್ಲು. ಅದು ಹತ್ತು ದಿನಕ್ಕೊಮ್ಮೆ ಬರುತ್ತದೆ. ಹತ್ತನೇ ತಾರೀಖಿನ ಸಂಜೆ ಒಂದು, ಇಪ್ಪತ್ತರ ಸಂಜೆ ಒಂದು, ತಿಂಗಳು ಮುಗಿದ ಸಂಜೆ ಒಂದು. ಹೀಗಾಗಿ ನಮ್ಮ ಹೆಂಗಸರ ತಲೆಯಲ್ಲಿ ತಿಂಗಳು ಎಂಬುದೇ ಇಲ್ಲ. ಮೂರು ಬಿಲ್ಲು ಇವೆ, ಅಷ್ಟೆ.

ಬಿಲ್ಲಿನ ಸಂಜೆ ನಾನು ಕುಳಿತ ಕಟ್ಟೆಯಿಂದಲೇ ಎಲ್ಲರ ಮನೆಯ ಬಜೆಟ್ಟು ಕಾಣುತ್ತದೆ. ಒಬ್ಬ ನೇರ ಕಿರಾಣಿ ಅಂಗಡಿಗೆ ಹೋಗುತ್ತಾನೆ. ಒಬ್ಬ ಗಾಡಿಯ ಸಾಲದ ಹಪ್ತೆ ಕಟ್ಟಲು ಹೋಗುತ್ತಾನೆ. ಒಬ್ಬ ಜತ್ತಿನ ಜೀಪು ಹತ್ತುತ್ತಾನೆ, ಮರುದಿನ ಖಾಲಿ ಕಿಸೆಯಲ್ಲಿ ಇಳಿಯುತ್ತಾನೆ. ಬಟ್ಟೆ ಹೊಲಿಯುವ ಟೇಲರ್ ಚಾಚಾನಿಗೆ ಒಂದು ಹಸು ಇದೆ. ಅವನ ಬಿಲ್ಲು ಬಂದ ಸಂಜೆ ಮನೆಯಲ್ಲಿ ಮಟನ್, ಮೊಮ್ಮಕ್ಕಳಿಗೆ ಬಿಸ್ಕೀಟು, ಅವನ ಕಿವಿಯಲ್ಲಿ ಅತ್ತರಿನ ಅರಳೆ. ಉಳಿದ ದಿನ ಚಟ್ನಿ, ರೊಟ್ಟಿ. ಅವನಿಗೆ ಚಿಂತೆಯಿಲ್ಲ.

ದೊಡ್ಡವ್ವನದು ಹೀಗೆ: ಬಿಲ್ಲು ಎಣಿಸಿಕೊಂಡ ತಕ್ಷಣ ಡೇರಿಯಲ್ಲೇ ಎಮ್ಮೆಗೆ ಒಂದು ಚೀಲ ಹಿಂಡಿ. ಅದಕ್ಕೆ ಮೊದಲು ಕೊಡುವರು. ಉಳಿದ ನೋಟು ಸೊಂಟದ ಚಂಚಿಗೆ ಹೋಗುತ್ತಿತ್ತು. ಅಲ್ಲಿಗೆ ಹೋದ ನೋಟು ಮತ್ತೆ ಬೆಳಕು ಕಂಡದ್ದು ಕಡಿಮೆ.

ಚಾಚಾ ಬಿಡುತ್ತಿರಲಿಲ್ಲ.

“ಅಕ್ಕಾ, ಮ್ಯಾಲ ಹೋಗುವಾಗ ಆ ಚಂಚಿ ಸಂಗಾಟ ಒಯ್ತೀಯೇನ?”

“ನೀ ಏನ ಒಯ್ತಿ? ಅತ್ತರ ವಾಸನಿ ಒಯ್ತೀಯೇನ?”

“ಅರೆ, ನಾ ಉಂಡು ಹೋಗ್ತೀನಿ. ನೀ ಉಪಾಸ ಹೋಗ್ತಿ.”

“ಹೋಗೂ ದಾರಿ ಒಂದ ಐತಿ. ಉಂಡಾವಗ ನಡ್ಯಾಕ ಜಡ. ನನಗ ಹಗುರ.”

ಇಬ್ಬರೂ ನಗುತ್ತಿದ್ದರು. ಮುಂದಿನ ಬಿಲ್ಲಿಗೆ ಮತ್ತೆ ಇದೇ ಮಾತು.

ಅವರ ಚಪ್ಪಲಿಗೆ ತಂತಿ ಬಿಗಿದಿತ್ತು. ಕನ್ನಡಕಕ್ಕೆ ದಾರ. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಅಂಟಿಸುತ್ತಿದ್ದರು. ಮನೆಯಲ್ಲಿ ಚಹಾ ಎಂದರೆ ಕರಿ ಚಹಾ. ಹಾಲೆಲ್ಲ ಡೇರಿಗೆ. ಆದರೆ ಬೇರೆಯವರ ಮನೆಗೆ ಹೋದರೆ ಹಾಲಿನ ಚಹಾ ಎರಡು ಕಪ್ಪು ಕುಡಿಯುತ್ತಿದ್ದರು. ಸಂಕೋಚ ಇರಲಿಲ್ಲ.

ಮಗ ಅವರ ಫೋನಿಗೆ ಎಷ್ಟು ಬೇಕಾದರೂ ಮಾತಾಡುವ ರೀಚಾರ್ಜು ಹಾಕಿಸಿದ್ದ. ಆದರೂ ಮಿಸ್ ಕಾಲೇ. ಒಮ್ಮೆ ನಾನು ಅಂದೆ, “ದೊಡ್ಡವ್ವಾ, ರೊಕ್ಕಾ ಹೋಗೂದಿಲ್ಲರಿ, ಮಾತಾಡ್ರಿ.”

“ರೊಕ್ಕಾ ಹೋಗೂದಿಲ್ಲ ಅಂತ ಉದ್ದ ಮಾತಾಡ್ತಾರ. ಉದ್ದ ಮಾತಾಡಿದ್ರ ‘ಮನಿಗೆ ಬರ್ರಿ’ ಅನ್ನಬೇಕಾಗ್ತೈತಿ. ಬಂದ್ರ ಚಾ ಬೇಕು, ಚಾಕ್ಕ ಸಕ್ರಿ ಬೇಕು.”

ನಮ್ಮ ಕಡೆಯ ಸರಕಾರ ಹೆಂಗಸರಿಗೆ ಬಸ್ಸಿನಲ್ಲಿ ಅರ್ಧ ಟಿಕೀಟು ಮಾಡಿದ ಮೇಲೆ ಮಾತ್ರ ಅವರು ಕಾಲಿಗೆ ಚಕ್ರ ಕಟ್ಟಿಕೊಂಡರು. ತವರುಮನೆ ಬೆಳುಂಕಿ. ಮೊದಲು ವರ್ಷಕ್ಕೊಮ್ಮೆ ಹೋಗುತ್ತಿದ್ದವರು ಬೇಕೆಂದಾಗಲೆಲ್ಲ ಹೋಗತೊಡಗಿದರು. ಇದು ಖರ್ಚಲ್ಲವೇ ಎಂದು ಕೇಳಿದೆ.

“ಹೋದ್ರ ಅರ್ಧಾ ಉಳೀತೈತಿ. ಮನ್ಯಾಗ ಕುಂತ್ರ ಆ ಅರ್ಧಾ ಎಲ್ಲಿಂದ ಉಳಿಬೇಕಲೇ?”

ಆ ಲೆಕ್ಕ ನಾನು ಇನ್ನೂ ಹಾಕುತ್ತಿದ್ದೇನೆ.

ಕುಪ್ಪಸದ ಬಟ್ಟೆಯ ಕಥೆ ಊರಿಗೆಲ್ಲ ಗೊತ್ತು. ನಮ್ಮ ಕಡೆ ಮದುವೆ, ಸೀಮಂತ ಎಂದರೆ ಹೆಂಗಸರ ಉಡಿಗೆ ಒಂದು ಕುಪ್ಪಸದ ಬಟ್ಟೆ ಹಾಕುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ, ಮಡಿಕೆ ಬಿಚ್ಚದೆ ಮುಂದಿನ ಮನೆಗೆ ಕೊಡುತ್ತಾರೆ. ದೊಡ್ಡವ್ವ ಒಂದು ಬಟ್ಟೆಯ ಮೂಲೆಯಲ್ಲಿ ಕೆಂಪು ದಾರದ ಸಣ್ಣ ಗಂಟು ಹಾಕಿ ಬಿಟ್ಟರು. ಎಷ್ಟೋ ತಿಂಗಳ ಮೇಲೆ ದರಿಬಡಚಿಯ ಒಂದು ಮದುವೆಯಲ್ಲಿ ಅದೇ ಬಟ್ಟೆ ತಿರುಗಿ ಅವರ ಉಡಿಗೇ ಬಿತ್ತು. ಮರುದಿನ ಡೇರಿಗೆ ತಂದು ಎಲ್ಲರಿಗೂ ಗಂಟು ತೋರಿಸಿದರು.

“ನೋಡ್ರಿ, ನನ್ನ ಬಟ್ಟಿ ತಾಲೂಕ ತಿರಗಿ ಮನಿಗೆ ಬಂತು. ಟಿಕೀಟ ಸೈತ ತಗಸಲಿಲ್ಲ.”

“ಈಗರೆ ಹೊಲಿಸ್ಕೋ ಅಕ್ಕಾ, ಹೊಲಿಗಿ ನಾ ಫುಕಟ ಮಾಡ್ತೀನಿ” ಎಂದ ಚಾಚಾ.

“ಹುಚ್ಚ ಹಿಡದೈತೇನ? ಇನ್ನೊಂದ ಸುತ್ತ ತಿರಗ್ತೈತಿ ಇದು.”

ನನಗೂ ಬಿಡುತ್ತಿರಲಿಲ್ಲ. ನಾನು ಹಪ್ತೆಯ ಮೇಲೆ ದೊಡ್ಡ ಫೋನು ತಗೊಂಡಾಗ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ನೋಡಿದರು. “ಹಾಲು ಎಷ್ಟ ಕೊಡ್ತೈತಿ?” ಎಂದು ಕೇಳಿ ತಿರುಗಿ ಕೊಟ್ಟರು. ಅಷ್ಟೆ. ಹಪ್ತೆ ಇನ್ನೂ ನಡೆದಿದೆ.

ಇಷ್ಟು ಕೇಳಿದರೆ ಜಿಪುಣಿ ಎನ್ನುತ್ತೀರಿ. ಊರೂ ಹಾಗೇ ಅನ್ನುತ್ತಿತ್ತು. ಆದರೆ ಮೂವತ್ತೊಂದು ದಿನದ ತಿಂಗಳು ಬಂದರೆ ಕಡೆಯ ದಿನ ಆ ಮನೆಯಿಂದ ಡೇರಿಗೆ ಹಾಲು ಬರುತ್ತಿರಲಿಲ್ಲ. ಬೆಳಿಗ್ಗೆಯೂ ಇಲ್ಲ, ಸಂಜೆಯೂ ಇಲ್ಲ. ಎರಡೂ ಎಮ್ಮೆಯ ಹಾಲು ಒಲೆಯ ಮೇಲೆ. ಇಡೀ ದಿನ ಕುದಿಸಿ, ಇಂಗಿಸಿ, ಸಕ್ಕರೆ ಹಾಕಿ ಬಾಸುಂದಿ ಮಾಡುತ್ತಿದ್ದರು. ಮೊದಲ ಬಟ್ಟಲು ತಮಗೆ. ಗಂಡ ಇದ್ದಾಗ ಗಂಡನಿಗೂ ಮೊದಲು ಕೊಟ್ಟವರಲ್ಲ. ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಯಾರೊಂದಿಗೂ ಮಾತಾಡದೆ ತಾವು ಉಣ್ಣುತ್ತಿದ್ದರು. ಅದು ಮುಗಿದ ಮೇಲೆ ಮನೆಯವರಿಗೆ.

ನಾನು ಡೇರಿಗೆ ಹೊಸಬನಿದ್ದಾಗ ಕೇಳಿದ್ದೆ. “ದೊಡ್ಡವ್ವಾ, ಮೂವತ್ತೊಂದರ ಹಾಲು ಮೂರನೇ ಬಿಲ್ಲಿನ್ಯಾಗ ಬರ್ತೈತ್ರಿ. ಯಾಕ ಬಿಡ್ತೀರಿ?”

“ಹತ್ತು, ಹತ್ತು, ಹತ್ತು. ಮೂವತ್ತಾತು. ಮೂವತ್ತೊಂದು ಯಾರ ಬಿಲ್ಲಿನ್ಯಾಗೂ ಇಲ್ಲ.”

“ಐತ್ರಿ. ಯಂತ್ರ ಸೇರಸ್ತೈತಿ.”

“ಯಂತ್ರಕ್ಕ ಅತ್ತಿ ಇದ್ದಿಲ್ಲ. ನನಗ ಇದ್ಲು.”

ಆಮೇಲೆ ತಾವೇ ಹೇಳಿದರು. ಮದುವೆಯಾಗಿ ಬಂದ ಹೊಸದು. ಮಗ ಹೊಟ್ಟೆಯಲ್ಲಿದ್ದ. ಒಂದು ದಿನ ಹಾಲು ಕುಡಿಯಬೇಕೆನ್ನಿಸಿ ಅತ್ತೆಯನ್ನು ಕೇಳಿದರು. ಅತ್ತೆ ಅಂದರು: ಮೂವತ್ತು ದಿನದ ಹಾಲು ಬಿಲ್ಲಿಂದು, ಮುಟ್ಟಬ್ಯಾಡ, ಮೂವತ್ತೊಂದನೇ ದಿನ ಬಂದ್ರ ಅವತ್ತಿಂದು ನೀ ಕುಡಿ. ಅತ್ತೆ ಅಂದದ್ದು ಕುಚೇಷ್ಟೆಗೆ. ಇವರು ಹಿಡಿದದ್ದು ಗಟ್ಟಿಯಾಗಿ. ಆ ತಿಂಗಳು ಮೂವತ್ತೇ ದಿನ. ಮುಂದಿನದಕ್ಕೆ ಕಾದರು. ಮೂವತ್ತೊಂದರ ಬೆಳಿಗ್ಗೆ ಕರೆದ ಹಾಲನ್ನು ಅತ್ತೆಯ ಎದುರಿಗೇ ಒಲೆಯ ಮೇಲಿಟ್ಟರು. ಅತ್ತೆ ಆಡಿದ ಮಾತು ತಿರುಗಿ ತಗೊಳ್ಳುವಂತಿರಲಿಲ್ಲ.

“ಆಮ್ಯಾಲ ಅತ್ತಿ ಸತ್ಲು, ಮನಿ ನನ್ನ ಕೈಗೆ ಬಂತು. ದಿನಾ ಕುಡೀಬಹುದಿತ್ತು. ಕುಡೀಲಿಲ್ಲ. ಅಕಿ ಹಿಶೋಬ ಖರೇನ ಇತ್ತು, ಅಕಿ ಮಾತಷ್ಟ ಕೆಟ್ಟಿತ್ತು” ಎಂದು ದೊಡ್ಡವ್ವ ಕ್ಯಾನು ಎತ್ತಿಕೊಂಡು ಹೋದರು. ಇನ್ನೊಮ್ಮೆ ಆ ವಿಷಯ ಎತ್ತಲಿಲ್ಲ.

ಈಗ ಸೊಸೆ. ಮೀರಜದ ಹುಡುಗಿ. ತಂದೆ ಪಗಾರದ ಡ್ರೈವರ್. ಅವಳಿಗೆ ಮೊದಲನೇ ತಾರೀಖು ಅಂದರೆ ಹಬ್ಬ. ಕೆಟ್ಟವಳಲ್ಲ. ಕೈ ಬಿಚ್ಚಿ ಕೊಡುವವಳು, ಜೋರಾಗಿ ನಗುವವಳು. ಬಂದ ಮೊದಲ ಮುಂಜಾನೆ ಕರಿ ಚಹಾ ನೋಡಿ, “ಹಾಲು ಒಡದಾವೇನ್ರಿ ಅತ್ತಿ?” ಎಂದು ಕೇಳಿದಳಂತೆ. “ಒಡದಿಲ್ಲವ್ವಾ, ಡೇರಿಗೆ ಹೋಗ್ಯಾವು.” ಜಗಳ ಅಲ್ಲಿಂದ ಶುರು.

ಅವಳಿಗೆ ಪಾರ್ಸಲ್ ಬರುತ್ತಿದ್ದವು. ಪಾರ್ಸಲ್ಲಿನ ಹುಡುಗ ಊರೊಳಗೆ ಬರುತ್ತಿರಲಿಲ್ಲ, ಊರ ಹೊರಗೆ ರಸ್ತೆ ಕೂಡುವ ಫಾಟಾದಲ್ಲಿ ನಿಂತು ಫೋನು ಮಾಡುತ್ತಿದ್ದ. ದೊಡ್ಡವ್ವನ ಮಗ ಟ್ರ್ಯಾಕ್ಟರ್ ನಿಲ್ಲಿಸಿ ಓಡುತ್ತಿದ್ದ. ಒಂದು ದಿನ ರೊಟ್ಟಿ ಅಂಟದ ತವೆ ಬಂತು. ಅದನ್ನು ಅವನು ಡೇರಿಯ ಮುಂದೆ ತಂದಾಗ ಅತ್ತೆ, ಸೊಸೆ ಇಬ್ಬರೂ ಅಲ್ಲೇ ಇದ್ದರು.

“ನನ್ನ ಹಂಚಿಗೆ ಏನ ರೋಗ ಬಂದಿತ್ತು?” ಎಂದರು ದೊಡ್ಡವ್ವ.

“ನಿಮ್ಮ ಹಂಚು ನಿಮಗ ಇರಲ್ರಿ. ನನಗೂ ಒಂದು ಬ್ಯಾಡೇನು?”

“ಹಂಚು ಎರಡಾದ್ರ ಒಲಿ ಎರಡ ಆಗ್ತಾವು.”

“ಆಗ್ಲಿ ಬಿಡ್ರಿ!”

ಒಲೆ ಎರಡಾದರೆ ಎಮ್ಮೆಯೂ ಒಂದೊಂದು. ಎಮ್ಮೆ ಇದ್ದವು ಎರಡೇ. ಒಂದು ಗಬ್ಬವಾಗಿ ಹಾಲು ಬಿಟ್ಟಾಗ ಇನ್ನೊಂದು ಮನೆ ನಡೆಸುತ್ತದೆ. ಹಂಚಿಕೊಂಡರೆ ಎರಡೂ ಮನೆ ಒಂದೊಂದು ಸಲ ಖಾಲಿ ಕೂರಬೇಕು. ದೊಡ್ಡವ್ವ ಇಷ್ಟು ವರ್ಷ ಕಟ್ಟಿದ್ದು ಆ ಎರಡು ಎಮ್ಮೆಯನ್ನೇ. ಅವರ ಮುಖ ಸಣ್ಣದಾದದ್ದು ನಾನು ಕಂಡೆ. ಆದರೆ ಸೋಲುವವರಲ್ಲ.

“ಮನಿ ನಡಸೂದು ಗೊತ್ತೈತೇನ ನಿನಗ?”

“ಗೊತ್ತೈತ್ರಿ. ಒಂದ ತಿಂಗಳ ನನ್ನ ಕೈಯಾಗ ಕೊಟ್ಟ ನೋಡ್ರಿ. ನಮ್ಮವ್ವ ಪಗಾರದಾಗ ಐದ ಮಂದಿನ್ನ ನಡಸ್ಯಾಳ, ಚಾಕ್ಕ ಹಾಲ ಹಾಕಿ.”

ಅಲ್ಲೇ ಪೈಜು, ಅಂದರೆ ಪಂಥ, ಆಯಿತು. ಡಿಸೆಂಬರ್ ತಿಂಗಳು ಪೂರ್ತಿ ಸೊಸೆ ಯಜಮಾನಿ. ಅಂಗಡಿಯಲ್ಲಿ ಉದ್ರಿ ಮಾಡಬಾರದು. ಡೇರಿಯಲ್ಲಿ ಉಚಲು, ಅಂದರೆ ಮುಂಗಡ, ಕೇಳಬಾರದು. ಲೈಟ್ ಬಿಲ್ಲು ಬಾಕಿ ಉಳಿಯಬಾರದು. ನಡೆಸಿದರೆ ಅವಳು ಹೇಳಿದಂತೆ ಒಲೆ ಬೇರೆ. ನಡೆಸಲಾಗದಿದ್ದರೆ ಒಲೆ ಒಂದೇ, ಮಾತು ಅತ್ತೆಯದು. ನನ್ನನ್ನು ಸಾಕ್ಷಿ ಮಾಡಿದರು. ಮಗನನ್ನು ಕೇಳಿದರೆ ಅವನು, “ನನ್ನ ಯಾರೂ ಕೇಳಬ್ಯಾಡ್ರಿ” ಎಂದು ತವೆ ಹಿಡಿದುಕೊಂಡು ಮನೆಗೆ ಹೋದ.

ಒಂದನೇ ತಾರೀಖು ಸೊಸೆ, ದೊಡ್ಡವ್ವ ಮುಟ್ಟದೆ ಕೊಟ್ಟ ಹಿಂದಿನ ಬಿಲ್ಲಿನ ರೊಕ್ಕ ತಗೊಂಡು ಜತ್ತಿಗೆ ಹೋದಳು. ಪಗಾರದ ಮನೆಯವರು ಮಾಡುವಂತೆ ಇಡೀ ತಿಂಗಳ ಕಿರಾಣಿ ಒಮ್ಮೆಗೇ ತಂದಳು. ಎಣ್ಣೆಯ ಡಬ್ಬಿ, ಬೇಳೆ, ಸಾಬೂನು, ಬದಾಮಿ, ಏಲಕ್ಕಿ. ಜೀಪಿನಿಂದ ಚೀಲ ಇಳಿಸುವಾಗ ಮುಖ ಅರಳಿತ್ತು. ಒಟ್ಟಿಗೆ ತಂದರೆ ಅಗ್ಗ ಎಂದು ನನಗೂ ಹೇಳಿದಳು. ಸುಳ್ಳಲ್ಲ, ಅಗ್ಗವೇ. ಒಂದೇ ತಪ್ಪು. ಆ ರೊಕ್ಕ ಹತ್ತು ದಿನದ್ದು, ಅದರಲ್ಲಿ ಎಮ್ಮೆಯ ಹಿಂಡಿಯೂ ಇತ್ತು.

ಎಮ್ಮೆಗಳು ಬರಿಯ ಜೋಳದ ಒಣ ಕಣಿಕೆ ತಿಂದವು. ವಾರ ಮುಗಿಯುವುದರೊಳಗೆ ಹಾಲು ಇಳಿಯಿತು, ಫ್ಯಾಟು ಇಳಿಯಿತು. ಫ್ಯಾಟು ಇಳಿದರೆ ದರವೂ ಇಳಿಯುತ್ತದೆ. ಸೊಸೆ ಕ್ಯಾನು ತರುತ್ತಿದ್ದಳು, ದೊಡ್ಡವ್ವ ಹಿಂದೆ ಕೈ ಕಟ್ಟಿಕೊಂಡು ಬರುತ್ತಿದ್ದರು. “ನೋಡಾಕ ರೊಕ್ಕಾ ಬೀಳೂದಿಲ್ಲಲ್ಲ” ಎಂದು.

ನಾನು ಯಂತ್ರ ನೋಡಿ ಕೇಳಿದೆ. “ದೊಡ್ಡವ್ವಾ, ಹಿಂಡಿ ಹಾಕಿಲ್ಲೇನ್ರಿ?”

“ನನ್ನ ಕೇಳಬ್ಯಾಡ. ಯಜಮಾನೀನ್ನ ಕೇಳು.”

ಎಮ್ಮೆ ಹಸಿದದ್ದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಹೊಲದ ಬದುವಿನ ಹಸಿ ಹುಲ್ಲು ಕೊಯ್ದು ತಂದು ಹಾಕುತ್ತಿದ್ದರು. ರೊಕ್ಕದ ಮಾತು ಮಾತ್ರ ಆಡಲಿಲ್ಲ.

ಮೊದಲ ಬಿಲ್ಲು ಕೈಗೆ ಬಂದಾಗ ಸೊಸೆ ಎರಡು ಸಲ ಎಣಿಸಿದಳು. ನನ್ನ ಮುಖ ನೋಡಿದಳು. ನಾನು ಹಿಂಡಿಯ ಚೀಲದ ಕಡೆ ನೋಡಿದೆ. ಅವಳು ದಡ್ಡಿಯಲ್ಲ. ಅವತ್ತೇ ಚೀಲ ಹೊರಿಸಿಕೊಂಡು ಹೋದಳು. ಆದರೆ ಇಳಿದ ಹಾಲು ಬಿಲ್ಲು ಬಂದಷ್ಟು ಲಗೂನೆ ಏರುವುದಿಲ್ಲ. ಎರಡನೇ ಬಿಲ್ಲೂ ಸಣ್ಣದೇ ಬಂತು. ಆಮೇಲೆ ಪಾರ್ಸಲ್ ಬರುವುದು ನಿಂತಿತು. ಮೀರಜದಿಂದ ಅವಳ ತಮ್ಮ ಬಂದವನು ಕರಿ ಚಹಾ ಕುಡಿದು ಹೋದ. ಚಾಚಾನ ಹತ್ತಿರ ಹೊಲಿಯಲು ಹಾಕಿದ್ದ ಬಟ್ಟೆಯನ್ನು ಹೊಲಿಗೆಯಿಲ್ಲದೆ ತಿರುಗಿ ಒಯ್ದಳು. ಚಾಚಾ ನನಗೆ ಅಂದ, “ಮಿರಜ್‌ವಾಲಿ ಅಕ್ಕಾ ಆಗಾಕತ್ತಾಳಲೇ.”

ಮೂವತ್ತೊಂದರ ಬೆಳಿಗ್ಗೆ ದೊಡ್ಡವ್ವ ಊರಲ್ಲಿರಲಿಲ್ಲ. ಬೆಳುಂಕಿಯಲ್ಲಿ ಅಣ್ಣನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವುದಿತ್ತು, ಹಿಂದಿನ ದಿನವೇ ಹೋಗಿದ್ದರು. ಸೊಸೆ ಕ್ಯಾನು ತಂದು ಯಂತ್ರದ ಮುಂದಿಟ್ಟಳು.

ಸಾಲಿನಲ್ಲಿ ಹಿಂದಿದ್ದ ಚಾಚಾ, “ಬೇಟಿ, ಇವತ್ತ ಮೂವತ್ತೊಂದಲ್ಲಾ?” ಎಂದ.

“ಆದ್ರ ಏನ್ರಿ ಚಾಚಾ? ಬೆಂಕಿಕಡ್ಡಿ ಎಣಿಸೋರು ಒಂದ ದಿನದ ಹಾಲು ಪೂರಾ ಕುದಿಸಿ ಉಣಬಹುದೇನು? ಅತ್ತೀ ಹಿಶೋಬದಾಗ ಫಾಲತೂ ಖರ್ಚು ಅಂದ್ರ ಇದೊಂದು. ಅದನ್ನ ನಾ ಕಡದೆ. ಎರಡೂ ಹೊತ್ತಿಂದು ಹಾಕಿದ್ರ ಲೈಟ್ ಬಿಲ್ಲು ಬರೋಬರಿ ಆಗ್ತೈತಿ. ಅಳೀರಿ.”

ಅಳೆಯುವುದು ನನ್ನ ಕೆಲಸ. ತೂಗಿದೆ, ದೊಡ್ಡ ಕ್ಯಾನಿಗೆ ಸುರಿದೆ. ಆಮೇಲೆ ನನಗೆ ತಡೆಯಲಾಗಲಿಲ್ಲ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

“ವೈನೀ, ನಿಮ್ಮ ಗಂಡ ದೊಡ್ಡವ್ವನ ಹೊಟ್ಟ್ಯಾಗ ಇದ್ದಾಗ ಅವರು ಹಾಲು ಕೇಳಿದ್ರು. ಅವರ ಅತ್ತಿ ಕೊಡಲಿಲ್ಲ. 'ಮೂವತ್ತೊಂದನೇ ದಿನ ಬಂದ್ರ ಕುಡಿ' ಅಂದ್ಲು. ಅವತ್ತಿಂದ ಈ ಒಂದ ದಿನದ್ದು ದೊಡ್ಡವ್ವಂದು. ಅದಕ್ಕ ಡೇರಿಗೆ ಬರೂದಿಲ್ಲ.”

ಸೊಸೆ ಎತ್ತಿಕೊಂಡಿದ್ದ ಖಾಲಿ ಕ್ಯಾನು ಕೆಳಗಿಟ್ಟಳು.

“ನನಗ ಯಾರೂ ಹೇಳಲಿಲ್ಲ” ಎಂದಳು. ಆಮೇಲೆ ದೊಡ್ಡ ಕ್ಯಾನಿನೊಳಗೆ ಬಗ್ಗಿ ನೋಡಿದಳು. “ತಿರಗಿ ತಗ್ಯಾಕ ಬರ್ತೈತೇನ್ರಿ?”

“ಬರೂದಿಲ್ಲ. ಬೆರತು ಹೋತು.”

ಅವಳು ತನ್ನ ಕ್ಯಾನು ಅಲ್ಲೇ ಬಿಟ್ಟು ಹೋದಳು.

ಸಂಜೆ ಆ ಮನೆಯ ಹಾಲು ಬರಲಿಲ್ಲ. ಎಲ್ಲರ ಬಿಲ್ಲು ಕೊಟ್ಟು ಮುಗಿಸಿ, ಅವರ ಬಿಲ್ಲನ್ನೂ ಕ್ಯಾನನ್ನೂ ತಗೊಂಡು ನಾನೇ ಹೋದೆ. ದೊಡ್ಡವ್ವ ಮಧ್ಯಾಹ್ನದ ಬಸ್ಸಿಗೆ ಬಂದಿದ್ದರು. ಬಸ್ಸಿಳಿದ ಕೂಡಲೇ ಚಾಚಾ ಎಲ್ಲ ಹೇಳಿಬಿಟ್ಟಿದ್ದನಂತೆ. ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕುಳಿತಿದ್ದರು. ಮಗ ಬಾಗಿಲಲ್ಲಿ. ಒಲೆಯ ಮುಂದೆ ಸೊಸೆ, ಸಂಜೆಯ ಹಾಲು ಕುದಿಸುತ್ತ ಸೌಟು ಆಡಿಸುತ್ತಿದ್ದಳು. ಪಕ್ಕದಲ್ಲಿ ಒಂದನೇ ತಾರೀಖು ತಂದ ಬದಾಮಿ, ಏಲಕ್ಕಿ.

“ದೊಡ್ಡವ್ವಾ, ಬಿಲ್ಲು.”

“ನನಗ್ಯಾಕ? ಇವತ್ತ ರಾತ್ರಿ ತನಕ ಯಜಮಾನಿ ಅಕಿ.”

ಸೊಸೆ ಒಂದು ಕೈಯಲ್ಲಿ ಸೌಟು ಹಿಡಿದು ಇನ್ನೊಂದು ಕೈಯಲ್ಲಿ ಎಣಿಸಿದಳು. ಲೈಟ್ ಬಿಲ್ಲಿನ ಚೀಟಿ ಗೂಡಿನಲ್ಲಿತ್ತು, ಅದನ್ನು ತೆಗೆದು ನೋಡುವ ಅಗತ್ಯ ಇರಲಿಲ್ಲ. ಎಷ್ಟು ಕಡಿಮೆ ಬಿತ್ತೆಂದು ನಮಗೆಲ್ಲ ಗೊತ್ತಿತ್ತು. ಒಂದು ಹೊತ್ತಿನ ಹಾಲಿನಷ್ಟು. ಅದು ಅವಳ ಮುಂದೆಯೇ ಕುದಿಯುತ್ತಿತ್ತು.

“ನನಗ ಉಚಲು ಬೇಕ್ರಿ” ಎಂದಳು, ನನ್ನ ಕಡೆ ನೋಡದೆ.

ಮಗ ತಲೆ ಎತ್ತಿದ. ದೊಡ್ಡವ್ವ, “ಏನಂದಿ?” ಎಂದರು.

“ಉಚಲು ಅಂದೆ. ನಾ ಸೋತೆ ಅತ್ತಿ.”

“ಮದಲ ಹಾಲಿನ ಕಡೆ ನೋಡು, ತಳಾ ಹಿಡ್ಯಾಕತ್ತೈತಿ. ಸೋಲೂದು ಆಮ್ಯಾಲ ಸೋಲಬಹುದು.”

ತಳ ಹಿಡಿದೇಬಿಟ್ಟಿತ್ತು. ವಾಸನೆ ನನಗೂ ಬಂತು. ಸೊಸೆ ಬಟ್ಟಲಿಗೆ ಹಾಕಿ ಅತ್ತೆಯ ಮುಂದೆ ಇಟ್ಟಳು. ದೊಡ್ಡವ್ವ ಬಟ್ಟಲು ತಗೊಂಡರು. ಯಾರಿಗೂ ಕೊಡಲಿಲ್ಲ, “ನೀನೂ ತಗೋ” ಎನ್ನಲಿಲ್ಲ. ನಾವು ಮೂವರೂ ನೋಡುತ್ತ ಕುಳಿತೆವು. ನಿಧಾನಕ್ಕೆ ಉಂಡರು.

“ಹೊತ್ತೈತಿ” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಬದಾಮಿ ಯಾರ ಹಾಕಂದ್ರು? ಹಲ್ಲಿಗೆ ಸುಮ್ಮ ಕೆಲಸ” ಎಂದರು. ಆಮೇಲೆ ಬಟ್ಟಲು ಮುಂದೆ ಚಾಚಿದರು.

“ಇನ್ನೊಂದೀಟ ಹಾಕು.”

ಎರಡನೆಯದೂ ಮುಗಿಯಿತು. ಬೆರಳು ನೆಕ್ಕಿ, ಸೊಂಟದ ಚಂಚಿ ಬಿಚ್ಚಿ, ಲೈಟ್ ಬಿಲ್ಲಿಗೆ ಕಡಿಮೆ ಬಿದ್ದಷ್ಟು ಎಣಿಸಿ ನೆಲದ ಮೇಲಿಟ್ಟರು.

“ಇದು ಉಚಲು ಅಲ್ಲ. ಬದಾಮಿ ರೊಕ್ಕಾ. ನಾ ತಿಂದೀನಿ, ನಾ ಕೊಡ್ತೀನಿ.” ಆಮೇಲೆ ಕೇಳಿದರು, “ಈಗ ಹೇಳು. ಒಲಿ ಎರಡ ಬೇಕೇನ?”

ಸೊಸೆ ಸೌಟು ಕೆಳಗಿಟ್ಟಳು. “ಒಲಿ ಒಂದ ಇರಲಿ ಅತ್ತಿ. ಆದ್ರ ಚಾಕ್ಕ ಹಾಲು ಬೇಕು. ದಿನಾ.”

ಇಡೀ ತಿಂಗಳಲ್ಲಿ ದೊಡ್ಡವ್ವನಿಗೆ ಅತಿ ಕಷ್ಟವಾದ ಮಾತು ಇದೇ ಇರಬೇಕು. ಬಿಚ್ಚಿದ ಚಂಚಿಯನ್ನು ಮತ್ತೆ ಬಿಗಿದು ಕಟ್ಟಿಕೊಂಡರು.

“ಎಷ್ಟು?”

“ಒಂದ ಲೋಟಾ.”

“ಅರ್ಧಾ.”

“ಮೂರ ಮಂದಿಗೆ ಅರ್ಧಾ ಲೋಟಾ ಹೆಂಗ್ರಿ ಆಗ್ತೈತಿ?”

“ನಾ ಕರೀದ ಕುಡೀತೀನಿ. ಇಬ್ಬರಿಗೆ ಅರ್ಧಾ ಭಾಳ ಆತು.”

ಮಗ ಆಗ ನಕ್ಕುಬಿಟ್ಟ. ಆ ತಿಂಗಳಲ್ಲಿ ಅವನು ಮಾಡಿದ ಕೆಲಸ ಅದೊಂದೇ. ನನಗೂ ಒಂದು ಬಟ್ಟಲು ಸಿಕ್ಕಿತು. ಹೊತ್ತಿತ್ತು, ಖರೆ. ಆದರೆ ಚಲೋ ಇತ್ತು.

ಮರುದಿನದಿಂದ ಆ ಮನೆಯ ಹಾಲು ಅರ್ಧ ಲೋಟ ಕಡಿಮೆ ಬರತೊಡಗಿತು. ಸಂಕ್ರಾಂತಿಯ ಹೊತ್ತಿಗೆ ಒಂದು ಲೋಟ ಕಡಿಮೆ. ಯಂತ್ರ ಸುಳ್ಳು ಹೇಳುವುದಿಲ್ಲ. ನಾನು ದೊಡ್ಡವ್ವನ ಮುಖ ನೋಡಿದೆ. ಅವರು ಆ ಕಡೆ ತಿರುಗಿ, “ಎಮ್ಮಿ ಕಡಿಮಿ ಕೊಟ್ಟೈತಿ” ಎಂದರು.

“ಹೌದ್ರಿ, ಎಮ್ಮಿ ಈಗ ಹಾಲಿನ ಚಾ ಕುಡ್ಯಾಕ ಕಲತೈತಿ” ಎಂದೆ. ಬೆನ್ನಿಗೆ ಒಂದು ಗುದ್ದು ಬಿತ್ತು.

ಆಮೇಲೆ ಅವರ ಮನೆಯ ಲೆಕ್ಕ ಹೀಗೆ ನಿಂತಿತು. ಬಿಲ್ಲು ಬಂದರೆ ಮೊದಲು ಹಿಂಡಿ. ಉಳಿದದ್ದು ಸೊಸೆಯ ಕೈಗೆ. ಅದರಲ್ಲಿ ಸ್ವಲ್ಪ ಚಂಚಿಗೆ. ಜಗಳ ನಿಂತವು ಎಂದು ತಿಳಿಯಬೇಡಿ. ಸಾಬೂನಿಗೆ, ರೀಚಾರ್ಜಿಗೆ, ಪಾರ್ಸಲ್ಲಿಗೆ ದಿನಾ ನಡೆಯುತ್ತಿದ್ದವು. ಒಲೆ ಮಾತ್ರ ಒಂದೇ ಇತ್ತು.

ಈ ಮಳೆಗಾಲದಲ್ಲಿ ದೊಡ್ಡವ್ವನಿಗೆ ಜ್ವರ ಹಿಡಿಯಿತು. ಜತ್ತಿನ ದವಾಖಾನೆಗೆ ಹಾಕಿದ್ದರು, ನಾನೂ ಚಾಚಾನೂ ನೋಡಲು ಹೋಗಿದ್ದೆವು. ಪಕ್ಕದ ಕಾಟು ಖಾಲಿ ಇತ್ತು, ಅದರ ಮೇಲೆ ಫ್ಯಾನು ತಿರುಗುತ್ತಿತ್ತು. “ಅದನ್ನ ಬಂದ್ ಮಾಡಲೇ ತಮ್ಮಾ, ಯಾರಿಗೆ ಗಾಳಿ ಹಾಕ್ತೈತಿ?” ಎಂದರು. ಎದ್ದು ಬಂದ್ ಮಾಡಿದೆ. ನನ್ನ ಜೊತೆ ಆಡಿದ ಕಡೆಯ ಮಾತು ಅದು.

ಮಣ್ಣಿಗೆ ಹೋದಾಗ ಚಾಚಾ ಅತ್ತರಿನ ಅರಳೆ ತಂದು ಅವರ ಕಾಲ ಹತ್ತಿರ ಇಟ್ಟ. ಚಂಚಿ ಸೊಸೆಯ ಸೊಂಟದಲ್ಲಿತ್ತು.

ಈಗ ಹಾಲು ಸೊಸೆಯೇ ತರುತ್ತಾಳೆ. ಯಂತ್ರ ತೂಕ ಹಿಡಿಯುತ್ತದೆ, ನೊರೆಗೆ ತೂಕವಿಲ್ಲ. ಆದರೂ ನೊರೆ ಇಳಿಯುವವರೆಗೆ ಕ್ಯಾನು ಕೆಳಗಿಟ್ಟು ನಿಲ್ಲುತ್ತಾಳೆ. ಹಿಂದೆ ಸಾಲೂ ನಿಲ್ಲುತ್ತದೆ.

ಮೊನ್ನೆ ಮೂವತ್ತೊಂದು. ಅವರು ಹೋದ ಮೇಲೆ ಬಂದ ಮೊದಲನೆಯದು. ಬೆಳಿಗ್ಗೆ ಆ ಮನೆಯ ಹಾಲು ಬರಲಿಲ್ಲ. ಸಂಜೆಯೂ ಬರಲಿಲ್ಲ. ಯಂತ್ರದಲ್ಲಿ ಅವರ ನಂಬರಿನ ಮುಂದೆ ಸೊನ್ನೆ ಇತ್ತು. ಚಾಚಾ ಬಗ್ಗಿ ನೋಡಿ, “ಹಾಂ” ಎಂದ.

ನನ್ನ ಹತ್ತಿರ ಹೇಳಲಿಕ್ಕೆ ಇನ್ನೇನೂ ಇಲ್ಲ.